ಬಿಸಿನೀರು, ಬಾವಿನೀರು ಮತ್ತು ಗ್ರಾಫ್ ಶೀಟು

ಒಂಬತ್ತನೇ ಕ್ಲಾಸಿನ ಗ್ರಾಫ್ ಶೀಟ್‌ಗಳನ್ನು ತಿದ್ದಿ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಬಿಸಿನೀರು ತಣಿಯುವ ಪ್ರಯೋಗದ ಗ್ರಾಫ್‌ಗಳು. ಸ್ಟೀಲ್ ಲೋಟದಲ್ಲಿ ಬಿಸಿನೀರು, ಅದರೊಳಗೆ ಥರ್ಮಾಮೀಟರ್, ಎದುರಿಗೆ ಗೋಡೆ ಗಡಿಯಾರ. ಎರಡೆರಡು ನಿಮಿಷಕ್ಕೊಮ್ಮೆ ಉಷ್ಣತೆ ನೋಡಿ ಬರೆದುಕೊಳ್ಳಬೇಕು, ಆಮೇಲೆ ಗ್ರಾಫ್ ಎಳೆಯಬೇಕು. ನೋಡಲು ಇಷ್ಟೇ ಕೆಲಸ. ಆದರೆ ಒಂದು ವರ್ಷದ ವಿಜ್ಞಾನ ಪಾಠದಲ್ಲಿ ಮಕ್ಕಳು ನಿಜವಾಗಿ ವಿಜ್ಞಾನ ಮಾಡುವ ಹೊತ್ತು ಯಾವುದು ಎಂದು ಕೇಳಿದರೆ ನಾನು ಈ ಗ್ರಾಫ್ ಎಳೆಯುವ ಹೊತ್ತನ್ನೇ ತೋರಿಸುತ್ತೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಫಿಸಿಕಲ್ ಸಯನ್ಸ್ ಕಲಿಸುವ ಟೀಚರ್. ನನ್ನ ಕ್ಲಾಸಿನಲ್ಲಿ ತುಳು ಮಾತಾಡುವ ಮನೆಯವರಿದ್ದಾರೆ, ಹವ್ಯಕ, ಮರಾಟಿ, ಕೊಂಕಣಿ, ಬ್ಯಾರಿ, ಮಲೆಯಾಳ ಮಾತಾಡುವವರೂ ಇದ್ದಾರೆ. ಎಲ್ಲರೂ ಓದುವುದು ಕನ್ನಡದಲ್ಲಿ. ಹತ್ತನೇ ಮುಗಿಸಿ ಪ್ಲಸ್ ಟು ಸಯನ್ಸಿಗೆ ಹೋದರೆ ಪಾಠ ಇಂಗ್ಲಿಷಿಗೆ ತಿರುಗುತ್ತದೆ. ಎಷ್ಟೋ ಮಕ್ಕಳು ಮೊದಲ ಕೆಲವು ತಿಂಗಳು ಒದ್ದಾಡುತ್ತಾರೆ. ಅಲ್ಲಿಗೆ ಹೋದಾಗ ಇವರ ಕೈಯಲ್ಲಿ ಏನಿರಬೇಕು ಎಂದು ನಾನು ಯೋಚಿಸುತ್ತೇನೆ. ಒಂದು ಒಳ್ಳೆಯ ಗ್ರಾಫ್ ಎಳೆಯಲು, ಓದಲು ಬಂದರೆ ಅದು ಯಾವ ಮಾಧ್ಯಮಕ್ಕೆ ಹೋದರೂ ಜತೆಗೆ ಬರುತ್ತದೆ. ಹಾಗಾಗಿ ಇದರ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹಟ ಹಿಡಿಯುತ್ತೇನೆ.

ಈ ಸಲ ಒಬ್ಬಳು ಹುಡುಗಿಯ ಶೀಟಿನಲ್ಲಿ ಒಂದು ಚುಕ್ಕೆ ಬೇರೆ ಕಡೆ ಕೂತಿತ್ತು. ಅವಳ ಪಟ್ಟಿ ಹೀಗಿತ್ತು: ಶುರುವಿನಲ್ಲಿ 80 ಡಿಗ್ರಿ, ಎರಡು ನಿಮಿಷಕ್ಕೆ 73, ಆಮೇಲೆ 68, 63, ಎಂಟನೇ ನಿಮಿಷಕ್ಕೆ 54, ಹತ್ತನೇ ನಿಮಿಷಕ್ಕೆ 55, ಮತ್ತೆ 52, 49, 46, 44, 42. ಚುಕ್ಕೆಗಳನ್ನೆಲ್ಲ ಸರಿಯಾದ ಜಾಗದಲ್ಲೇ ಇಟ್ಟಿದ್ದಳು. ಸ್ಕೇಲ್ ಹಿಡಿದು ಒಂದರಿಂದ ಒಂದಕ್ಕೆ ಗೆರೆ ಎಳೆದಿದ್ದಳು. ಎಂಟನೇ ನಿಮಿಷದ ಹತ್ತಿರ ಗೆರೆ ಗುಂಡಿಗೆ ಬಿದ್ದು ಎದ್ದ ಹಾಗೆ ಕಾಣುತ್ತಿತ್ತು.

ಅವಳನ್ನು ಕರೆದು ಗ್ರಾಫನ್ನು ಎದುರಿಗಿಟ್ಟು ಕೇಳಿದೆ. "ಈ ಗೆರೆ ಏನು ಹೇಳುತ್ತದೆ, ಓದು ನೋಡುವ."

"ನೀರು ತಣಿಯುತ್ತಾ ಬಂತು ಟೀಚರ್."

"ಎಂಟರಿಂದ ಹತ್ತನೇ ನಿಮಿಷಕ್ಕೆ?"

ಅವಳು ಬೆರಳಿಟ್ಟು ನೋಡಿದಳು. "ಬಿಸಿ ಆಯ್ತು."

"ಯಾರು ಬಿಸಿ ಮಾಡಿದ್ದು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಪಕ್ಕದ ಬೆಂಚಿನವಳು ಹೇಳಿದಳು, "ಟೀಚರ್, ಆಗ ಅವಳು ಸರಿ ಕಾಣುವುದಿಲ್ಲ ಅಂತ ಥರ್ಮಾಮೀಟರ್ ಮೇಲೆತ್ತಿ ನೋಡಿದ್ದು." ಅಲ್ಲಿಗೆ ಉತ್ತರ ಸಿಕ್ಕಿತು. ಥರ್ಮಾಮೀಟರಿನ ಒದ್ದೆಯಾದ ಬುರುಡೆಯನ್ನು (ಪಾದರಸ ಇರುವ ತುದಿಯನ್ನು) ನೀರಿನಿಂದ ಹೊರಗೆ ತೆಗೆದರೆ ಅದಕ್ಕೆ ಅಂಟಿದ ನೀರು ಆವಿಯಾಗುತ್ತದೆ, ಸುತ್ತಲಿನ ಗಾಳಿಯೂ ತಂಪು. ಪಾದರಸ ಸರ್ರನೆ ಇಳಿಯುತ್ತದೆ. ಅವಳು ಓದಿದ 54 ಲೋಟದ ನೀರಿನ ಉಷ್ಣತೆ ಅಲ್ಲ, ಗಾಳಿಯಲ್ಲಿದ್ದ ಬುರುಡೆಯದ್ದು. ಅಂಕಿಗಳ ಪಟ್ಟಿಯಲ್ಲಿ ಇದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಗ್ರಾಫಿನಲ್ಲಿ ಅಡಗಿ ಕೂರಲು ಆಗಲಿಲ್ಲ.

ನಾನು ಆ ಚುಕ್ಕೆಯನ್ನು ಒರೆಸಲು ಬಿಡಲಿಲ್ಲ. ಅದನ್ನು ಹಾಗೇ ಇಟ್ಟು, ಸುತ್ತ ಒಂದು ಸಣ್ಣ ವೃತ್ತ ಹಾಕಿ, ಅಂಚಿನಲ್ಲಿ "ಥರ್ಮಾಮೀಟರ್ ನೀರಿನಿಂದ ಹೊರಗಿತ್ತು" ಎಂದು ಬರೆಯಲು ಹೇಳಿದೆ. ಗೆರೆ ಮಾತ್ರ ಅದನ್ನು ಬಿಟ್ಟು ಹೋಗಲಿ. ಮರುದಿನ ಅದೇ ಲೋಟದಲ್ಲಿ ಅವಳು ಇನ್ನೊಮ್ಮೆ ಅಳೆದಳು. ಎಂಟನೇ ನಿಮಿಷಕ್ಕೆ 59 ಬಂತು. ಬೇಡದ ಚುಕ್ಕೆಯನ್ನು ರಬ್ಬರಿನಲ್ಲಿ ತೆಗೆದು ಬೇಕಾದ ಕಡೆ ಇಡುವ ಅಭ್ಯಾಸ ಒಮ್ಮೆ ಬಂದುಬಿಟ್ಟರೆ ಬಿಡಿಸುವುದು ಬಹಳ ಕಷ್ಟ. ಮಾರ್ಕಿಗಾಗಿ ಮಕ್ಕಳು ಹಾಗೆ ಮಾಡುತ್ತಾರೆ, ಯಾಕೆಂದರೆ ನಾವು ದೊಡ್ಡವರು ಚಂದದ ಗ್ರಾಫಿಗೆ ಮಾರ್ಕ್ ಕೊಡುತ್ತೇವೆ. ಈಗ ನಾನು ವಿವರಣೆ ಬರೆದ ವೃತ್ತಕ್ಕೂ ಮಾರ್ಕ್ ಕೊಡುತ್ತೇನೆ.

ಇನ್ನು ಚುಕ್ಕೆಯಿಂದ ಚುಕ್ಕೆಗೆ ಸ್ಕೇಲ್ ಹಿಡಿಯುವ ವಿಷಯ. ನಮ್ಮ ಮಕ್ಕಳಿಗೆ ಚುಕ್ಕೆ ಕಂಡರೆ ಸೇರಿಸಬೇಕು ಅನಿಸುತ್ತದೆ. ರಂಗೋಲಿಯಲ್ಲಿ ಹಾಗೆ ಮಾಡಬಹುದು, ಅಲ್ಲಿ ಚುಕ್ಕೆ ಇಟ್ಟವರೂ ನಾವೇ, ಗೆರೆ ಎಳೆಯುವವರೂ ನಾವೇ. ಇಲ್ಲಿ ಚುಕ್ಕೆ ಇಡುವುದು ಲೋಟದ ನೀರು. ಎರಡು ಚುಕ್ಕೆಗಳ ನಡುವೆ ಏನಾಯಿತು ಎಂದು ನಾವು ನೋಡಿಲ್ಲ. ಅಲ್ಲಿ ಎಳೆಯುವ ಗೆರೆ ನಾವು ಹೇಳುವ ಮಾತು: "ನಾನು ಅಳೆಯದಿದ್ದ ಏಳನೇ ನಿಮಿಷದಲ್ಲಿ ಅಳೆದಿದ್ದರೆ ಇಷ್ಟು ಇರುತ್ತಿತ್ತು." ನೀರು ಎರಡು ನಿಮಿಷ ಒಂದೇ ವೇಗದಲ್ಲಿ ತಣಿದು, ಗಡಿಯಾರದ ಮುಳ್ಳು ನಾವು ಓದುವ ಗುರುತಿಗೆ ಬಂದ ಕೂಡಲೇ ವೇಗ ಬದಲಿಸಿ, ಮತ್ತೆ ಎರಡು ನಿಮಿಷ ಬೇರೆ ವೇಗದಲ್ಲಿ ತಣಿಯುವುದಿಲ್ಲ. ಮುರಿದು ಮುರಿದು ಎಳೆದ ಗೆರೆ ಹೇಳುವುದು ಅದನ್ನೇ. ಹಾಗಾಗಿ ಇಲ್ಲಿ ಬೇಕಾದದ್ದು ಒಂದೇ ನಯವಾದ ಬಾಗು. ಅದು ಎಲ್ಲಾ ಚುಕ್ಕೆಯ ನೆತ್ತಿಯ ಮೇಲೆ ಹೋಗಲೇಬೇಕು ಎಂದಿಲ್ಲ. ಕೆಲವು ಚುಕ್ಕೆ ಒಂದು ಕೂದಲೆಳೆ ಮೇಲೆ, ಕೆಲವು ಒಂದು ಕೂದಲೆಳೆ ಕೆಳಗೆ ಉಳಿದರೆ ಸರಿ.

ನಯವಾದ ಬಾಗು ಕೈಯಲ್ಲಿ ಎಳೆಯಲು ಒಂದು ಉಪಾಯ ಇದೆ. ಮಣಿಕಟ್ಟು ಬಾಗಿನ ಒಳಬದಿಗೆ ಬರುವ ಹಾಗೆ ಶೀಟನ್ನು ತಿರುಗಿಸಿಕೊಳ್ಳಬೇಕು. ಆಗ ಕೈ ತನ್ನಷ್ಟಕ್ಕೆ ಆ ತಿರುವಿನಲ್ಲೇ ಸುತ್ತುತ್ತದೆ. ಮೊದಲು ಪೆನ್ಸಿಲ್ ಕಾಗದಕ್ಕೆ ತಾಗಿಸದೆ ಗಾಳಿಯಲ್ಲಿ ಎರಡು ಮೂರು ಸಲ ಆಡಿಸಿ, ಮತ್ತೆ ತೆಳ್ಳಗೆ ಒಂದು ಎಳೆ, ಸರಿ ಕಂಡರೆ ಅದರ ಮೇಲೆ ಗಟ್ಟಿ ಗೆರೆ. ಶೀಟನ್ನು ಡೆಸ್ಕಿಗೆ ನೇರ ಇಟ್ಟೇ ಬರೆಯಬೇಕು ಎಂದು ಮಕ್ಕಳು ನಂಬಿಕೊಂಡಿರುತ್ತಾರೆ. ತಿರುಗಿಸಿ ಎಂದ ಕೂಡಲೇ ಅರ್ಧ ಕ್ಲಾಸಿನ ಗೆರೆ ಸುಧಾರಿಸುತ್ತದೆ.

ಹಾಗೆಂದು ಎಲ್ಲಾ ಮೂಲೆಯನ್ನೂ ನಯ ಮಾಡಬಾರದು. ಐಸ್ ತುಂಡುಗಳನ್ನು ಬೀಕರಿಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತಾ ಕಲಕುತ್ತಾ ಅಳೆದರೆ ಥರ್ಮಾಮೀಟರ್ ಬಹಳ ಹೊತ್ತು 0 ಡಿಗ್ರಿಯ ಹತ್ತಿರವೇ ಕೂರುತ್ತದೆ. ಐಸ್ ಎಲ್ಲಾ ಕರಗಿದ ಮೇಲೆ ಏರಲು ಶುರು. ಮತ್ತೆ ಕುದಿಯುವಾಗ 100ರಲ್ಲಿ ನಿಲ್ಲುತ್ತದೆ. (ನಾವು ಸಮುದ್ರ ಮಟ್ಟಕ್ಕೆ ಹತ್ತಿರ ಇರುವ ಕಾರಣ 100. ಮಡಿಕೇರಿಯಲ್ಲಿ ಇದೇ ಪ್ರಯೋಗ ಮಾಡಿದರೆ ಸುಮಾರು 96ರಲ್ಲೇ ಕುದಿಯುತ್ತದೆ.) ಆ ಗ್ರಾಫಿನಲ್ಲಿ ಸಪಾಟು ಗೆರೆ ಮುಗಿದು ಏರು ಶುರುವಾಗುವ ಮೂಲೆ ನಿಜವಾದ ಮೂಲೆ. ಒಂದು ಗ್ರಾಂ ಐಸ್ ಕರಗಲು ಸುಮಾರು 334 ಜೂಲ್ ಶಾಖ ಬೇಕು. ಅಷ್ಟೇ ಶಾಖ ಕೊಟ್ಟರೆ ಒಂದು ಗ್ರಾಂ ನೀರು 0ಯಿಂದ 80 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ಇಷ್ಟು ದೊಡ್ಡ ಸಂಗತಿ ಆ ಸಪಾಟು ಭಾಗದಲ್ಲಿ ಇದೆ. ಅಲ್ಲಿ ಮೂಲೆಯನ್ನು ಉಜ್ಜಿ ಬಾಗು ಮಾಡಿದರೆ ಗ್ರಾಫ್ ಚಂದ ಕಾಣಬಹುದು, ಆದರೆ ಹೇಳಬೇಕಾದ ಮಾತೇ ಹೋಯಿತು. ಹಾಗಾದರೆ ಯಾವ ಮೂಲೆ ನಿಜ, ಯಾವುದು ಅಳತೆಯ ತಪ್ಪು? ಅದು ಕಾಗದ ನೋಡಿದರೆ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಅಳೆಯಬೇಕು. ನಿಜವಾದ ಮೂಲೆ ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದೆ.

ಇನ್ನು ಪ್ರಮಾಣ, ಅಂದರೆ ಒಂದು ಸೆಂಟಿಮೀಟರಿಗೆ ಎಷ್ಟು ಎಂಬುದನ್ನು ಆರಿಸುವ ವಿಷಯಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಗ್ರಾಫ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೊದಲ ಚುಕ್ಕೆ ಇಡುವ ಮುಂಚೆಯೇ ಕೆಟ್ಟಿರುತ್ತದೆ.

ನಾವು ತರಿಸುವ ಶೀಟಿನಲ್ಲಿ ಗೆರೆ ಇರುವ ಜಾಗ ಒಂದು ಬದಿಗೆ 24 ಸೆಂಟಿಮೀಟರ್, ಇನ್ನೊಂದು ಬದಿಗೆ 18. ಒಂದೊಂದು ಸೆಂಟಿಮೀಟರಿನ ದೊಡ್ಡ ಮನೆ, ಅದರೊಳಗೆ ಮಿಲಿಮೀಟರಿನ ಸಣ್ಣ ಮನೆಗಳು. ನಮ್ಮ ಅಳತೆ: ಸಮಯ 0ಯಿಂದ 20 ನಿಮಿಷ, ಉಷ್ಣತೆ 42ರಿಂದ 80. ಒಬ್ಬ ಹುಡುಗ ಉಷ್ಣತೆಯನ್ನು 0ಯಿಂದ ಶುರು ಮಾಡಿ, ಒಂದು ಸೆಂಟಿಮೀಟರಿಗೆ 5 ಡಿಗ್ರಿ ಇಟ್ಟ. ಅವನ ಇಡೀ ಬಾಗು ಏಳೂವರೆ ಸೆಂಟಿಮೀಟರಿನಲ್ಲಿ ಮುಗಿಯಿತು. ಕೆಳಗೆ ಎಂಟು ಸೆಂಟಿಮೀಟರಿಗಿಂತ ಜಾಸ್ತಿ ಖಾಲಿ. ಅವನ ಶೀಟಿನಲ್ಲಿ ಒಂದು ಸಣ್ಣ ಮನೆ ಎಂದರೆ ಅರ್ಧ ಡಿಗ್ರಿ. ತಪ್ಪೇನಲ್ಲ, ಆದರೆ ಅಷ್ಟು ಜಾಗ ಸುಮ್ನೆ ಬಿಟ್ಟ ಹಾಗಾಯಿತು.

ಇನ್ನೊಬ್ಬಳು ಜಾಗ ಪೂರ್ತಿ ಬಳಸಬೇಕು ಎಂದು ಲೆಕ್ಕ ಹಾಕಿ ಒಂದು ಸೆಂಟಿಮೀಟರಿಗೆ 3 ಡಿಗ್ರಿ ಇಟ್ಟಳು, 40ರಿಂದ ಶುರು. ಈಗ 55 ಡಿಗ್ರಿಯನ್ನು ಗುರುತಿಸುವುದು ಸುಲಭ, ಸರಿಯಾಗಿ 5 ಸೆಂಟಿಮೀಟರ್ ಮೇಲೆ. ಆದರೆ 59? ಆರು ಸೆಂಟಿಮೀಟರ್, ಮೂರು ಮಿಲಿಮೀಟರ್, ಮತ್ತೆ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು. ಅದನ್ನು ಯಾವ ಪೆನ್ಸಿಲ್ ಇಡುತ್ತದೆ? ಪ್ರತಿ ಚುಕ್ಕೆಗೂ ಭಾಗಾಕಾರ ಮಾಡಬೇಕು. ಗ್ರಾಫ್ ಓದುವವರೂ ಪ್ರತಿ ಸಲ ಮೂರರಿಂದ ಗುಣಿಸಬೇಕು. ಒಂದು ದೊಡ್ಡ ಮನೆಗೆ 1, 2 ಅಥವಾ 5, ಇಲ್ಲವೇ ಅವುಗಳನ್ನು ಹತ್ತರಿಂದ, ನೂರರಿಂದ ಗುಣಿಸಿ ಭಾಗಿಸಿ ಬಂದದ್ದು. 3, 6, 7, 9 ಬೇಡ. ಇದನ್ನು ನಾನು ನಿಯಮ ಎಂದು ಹೇಳುವುದಿಲ್ಲ. 3 ಇಟ್ಟು ನಾಲ್ಕು ಚುಕ್ಕೆ ಗುರುತಿಸಿ ನೋಡಲು ಹೇಳುತ್ತೇನೆ. ಎರಡನೇ ಚುಕ್ಕೆಗೇ ಅವರಿಗೆ ಗೊತ್ತಾಗುತ್ತದೆ.

ಕೊನೆಗೆ ಕ್ಲಾಸು ಒಟ್ಟಾಗಿ ಒಂದು ದಾರಿ ಹುಡುಕಿತು. ಶೀಟನ್ನು ಉದ್ದಕ್ಕೆ ನಿಲ್ಲಿಸುವುದು. ಉಷ್ಣತೆ 40ರಿಂದ ಶುರು, ಸೆಂಟಿಮೀಟರಿಗೆ 2 ಡಿಗ್ರಿ, 80ಕ್ಕೆ ಬರುವಾಗ 20 ಸೆಂಟಿಮೀಟರ್. ಸಮಯ ಸೆಂಟಿಮೀಟರಿಗೆ 2 ನಿಮಿಷ, 20 ನಿಮಿಷಕ್ಕೆ 10 ಸೆಂಟಿಮೀಟರ್. ಈಗ ಒಂದು ಸಣ್ಣ ಮನೆ ಎಂದರೆ 0.2 ಡಿಗ್ರಿ. ನಮ್ಮ ಥರ್ಮಾಮೀಟರಿನಲ್ಲಿ ಗುರುತು ಇರುವುದು ಡಿಗ್ರಿಗೊಂದು. ಕಣ್ಣಳತೆಯಲ್ಲಿ ಅರ್ಧ ಡಿಗ್ರಿ ಓದಬಹುದು. ಅಂದರೆ ಥರ್ಮಾಮೀಟರಿಗೆ ಗೊತ್ತಿರುವುದನ್ನೆಲ್ಲ ಶೀಟು ತೋರಿಸುತ್ತದೆ. ಇದಕ್ಕಿಂತ ದೊಡ್ಡದು ಮಾಡಿದರೆ ಲಾಭ ಇಲ್ಲ, ಅಳತೆಯೇ ಅಷ್ಟು ಸೂಕ್ಷ್ಮ ಇಲ್ಲವಲ್ಲ.

40ರಿಂದ ಶುರು ಮಾಡಬಹುದಾ, 0ಯಿಂದಲೇ ಆಗಬೇಕಲ್ವಾ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಗೆರೆಯ ಗ್ರಾಫಿನಲ್ಲಿ ಮಾಡಬಹುದು. ಆದರೆ ಅಕ್ಷದ ಬುಡದಲ್ಲಿ ಒಂದು ಸಣ್ಣ ಝಡ್ ಆಕಾರದ ಗುರುತು ಹಾಕಿ, ಮೊದಲ ಅಂಕಿ 40 ಎಂದು ಸ್ಪಷ್ಟ ಬರೆಯಬೇಕು. ಕಂಬದ ಗ್ರಾಫಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕಣ್ಣು ಅಳೆಯುವುದು ಕಂಬದ ಎತ್ತರವನ್ನೇ. ಬುಡ ಕತ್ತರಿಸಿದರೆ 80 ಎಂಬುದು 60ರ ಎರಡು ಪಟ್ಟು ಎತ್ತರ ಕಾಣಬಹುದು. ಗೆರೆಯಲ್ಲಿ ಕಣ್ಣು ನೋಡುವುದು ಏರುಇಳಿತವನ್ನು.

ಈ ಆಯ್ಕೆ ಎಷ್ಟು ದೊಡ್ಡದು ಎಂದು ತೋರಿಸಲು ನಾನು ಹವಾಯಿಯ ಮೌನಾ ಲೋವಾದ ಗ್ರಾಫನ್ನು ಬೋರ್ಡಿನಲ್ಲಿ ಹಾಕುತ್ತೇನೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಆ ಬೆಟ್ಟದ ಮೇಲೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಆ ಗೆರೆ ಬರೀ ಏರುವುದಿಲ್ಲ, ಗರಗಸದ ಹಲ್ಲಿನ ಹಾಗೆ ಪ್ರತಿ ವರ್ಷ ಏರಿ ಇಳಿದು ಏರುತ್ತದೆ. ಭೂಮಿಯ ಉತ್ತರಾರ್ಧದ ಕಾಡು, ಹೊಲಗಳು ಬೇಸಗೆಯಲ್ಲಿ ಚಿಗುರಿ ಕಾರ್ಬನ್ ಡೈಆಕ್ಸೈಡ್ ಹೀರುತ್ತವೆ, ಚಳಿಗಾಲದಲ್ಲಿ ಅದು ವಾಪಸ್ ಗಾಳಿಗೆ ಬರುತ್ತದೆ. ಆ ಏರಿಳಿತ ವರ್ಷಕ್ಕೆ ಬರೀ ಆರು ಪಾಲಿನಷ್ಟು. 0ಯಿಂದ ಶುರು ಮಾಡಿ ಸೆಂಟಿಮೀಟರಿಗೆ 20 ಪಾಲು ಇಟ್ಟರೆ ಆ ಆರು ಪಾಲು ನಮ್ಮ ಶೀಟಿನಲ್ಲಿ 3 ಮಿಲಿಮೀಟರ್. 310ರಿಂದ ಶುರು ಮಾಡಿ ಸೆಂಟಿಮೀಟರಿಗೆ 5 ಇಟ್ಟರೆ ಒಂದು ಸೆಂಟಿಮೀಟರಿಗಿಂತ ಮೇಲೆ. ಇಡೀ ಭೂಮಿಯ ಗಿಡಮರ ವರ್ಷಕ್ಕೊಮ್ಮೆ ಉಸಿರಾಡುವುದು ನಮ್ಮ ಶೀಟಿನ ಮೇಲೆ ಕಾಣುತ್ತದೆ. ಇದನ್ನು ಹೇಳುವಾಗ ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತದೆ.

ಅಡ್ಡ ಅಕ್ಷದಲ್ಲಿ ಇನ್ನೊಂದು ತಪ್ಪು ನುಸುಳುತ್ತದೆ. ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಒಂದು ಗುಂಪು ಹತ್ತು ನಿಮಿಷದವರೆಗೆ ಎರಡೆರಡು ನಿಮಿಷಕ್ಕೆ ಅಳೆದು, ಆಮೇಲೆ ಬೇಸರವಾಗಿ 15 ಮತ್ತು 20ನೇ ನಿಮಿಷದಲ್ಲಿ ಮಾತ್ರ ಅಳೆಯಿತು. ಅದು ಪರವಾಗಿಲ್ಲ. ಆದರೆ ಶೀಟಿನಲ್ಲಿ 8, 10, 15, 20 ಎಲ್ಲವನ್ನೂ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಬರೆದರು. ಎಂಟರಿಂದ ಹತ್ತಕ್ಕೆ ಇಳಿದದ್ದು 4 ಡಿಗ್ರಿ, ಹತ್ತರಿಂದ ಹದಿನೈದಕ್ಕೆ ಏಳೂವರೆ. ಅವರ ಗೆರೆ ಅಲ್ಲಿ ಒಮ್ಮೆಲೇ ಕಡಿದಾಗಿ ಇಳಿಯಿತು. ನೀರು ತಣ್ಣಗಾಗುತ್ತಾ ಬಂದ ಹಾಗೆ ಇನ್ನೂ ಬೇಗ ತಣಿಯಿತು ಎಂದು ಉತ್ತರವನ್ನೂ ಬರೆದರು. ಗ್ರಾಫ್ ನೋಡಿಯೇ ಬರೆದ ಉತ್ತರ, ಆದರೆ ಪೂರ್ತಿ ಉಲ್ಟಾ. 10ರಿಂದ 15ಕ್ಕೆ ಎರಡೂವರೆ ಸೆಂಟಿಮೀಟರ್ ಬಿಟ್ಟು ಮತ್ತೆ ಎಳೆದಾಗ ಬಾಗು ಸರಿಯಾಯಿತು. ಮೊದಲ ಎರಡು ನಿಮಿಷದಲ್ಲಿ ನಿಮಿಷಕ್ಕೆ ಮೂರೂವರೆ ಡಿಗ್ರಿ ಇಳಿಯುತ್ತಿದ್ದದ್ದು ಕೊನೆಗೆ ನಿಮಿಷಕ್ಕೆ ಒಂದೇ ಡಿಗ್ರಿ. ಕೋಣೆಯ ಉಷ್ಣತೆ 30 ಇತ್ತು. ನೀರಿಗೂ ಕೋಣೆಗೂ ಅಂತರ ಕಡಿಮೆಯಾದ ಹಾಗೆ ತಣಿಯುವುದೂ ನಿಧಾನ. ನ್ಯೂಟನ್ 1701ರಲ್ಲಿ ಹೇಳಿದ್ದು ಇದನ್ನೇ.

ಪೆನ್ಸಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊನೆ ಚೂಪಿರಲಿ, ಕಟ್ಟರ್ ಡೆಸ್ಕಿನ ಮೇಲೆಯೇ ಇರಲಿ. ದಪ್ಪ ಬೊಟ್ಟು ಇಡುವ ಬದಲು ಸಣ್ಣ ಗುಣಾಕಾರದ ಗುರುತು ಹಾಕಿದರೆ ಎರಡು ಎಳೆ ಸೇರುವ ಜಾಗ ಸ್ಪಷ್ಟ ಕಾಣುತ್ತದೆ, ಮೇಲೆ ಗೆರೆ ಹೋದರೂ ಮುಚ್ಚಿಹೋಗುವುದಿಲ್ಲ. ಎರಡೂ ಅಕ್ಷದಲ್ಲಿ ಯಾವುದರ ಅಳತೆ, ಯಾವ ಯೂನಿಟ್ ಎಂದು ಬರೆಯಬೇಕು. ಶೀರ್ಷಿಕೆಯಲ್ಲಿ ಸುಮ್ನೆ "ಗ್ರಾಫ್" ಎಂದು ಬರೆದವರ ಶೀಟು ವಾಪಸ್ ಹೋಗುತ್ತದೆ.

ನೇರ ಗೆರೆ ಬರುವ ಪ್ರಯೋಗಗಳಲ್ಲಿ ಮಾತ್ರ ಒಂದು ಮಾತು ಸೇರಿಸುತ್ತೇನೆ. ಸ್ಪ್ರಿಂಗಿಗೆ 50, 100, 150, 200 ಗ್ರಾಂ ತೂಗಿಸಿದಾಗ ನಮ್ಮಲ್ಲಿ ಅದು 2.1, 3.9, 6.1, 8.0 ಸೆಂಟಿಮೀಟರ್ ಎಳೆಯಿತು. ಇಲ್ಲಿ ಪಾರದರ್ಶಕ ಸ್ಕೇಲ್ ಬೇಕು. ಅಡಿಯಲ್ಲಿರುವ ಚುಕ್ಕೆಗಳು ಕಾಣಬೇಕಲ್ಲ, ಎರಡೂ ಬದಿಗೆ ಸಮ ಹಂಚಿಕೆಯಾಗುವ ಹಾಗೆ ಸ್ಕೇಲನ್ನು ಜರುಗಿಸಬೇಕಲ್ಲ. ಒಂದು ಕಪ್ಪು ನೂಲನ್ನು ಬಿಗಿ ಹಿಡಿದು ನೋಡಿದರೂ ಆಗುತ್ತದೆ. ಇಳಿಜಾರು ಲೆಕ್ಕ ಹಾಕುವಾಗ ಪಟ್ಟಿಯ ಅಂಕಿಗಳನ್ನು ತೆಗೆದುಕೊಂಡರೆ ಗೆರೆ ಎಳೆದದ್ದೇ ದಂಡ. ಗೆರೆಯ ಮೇಲೆಯೇ ದೂರದೂರದ ಎರಡು ಜಾಗ ಹಿಡಿದು, ಅರ್ಧ ಶೀಟಿಗಾದರೂ ಬರುವ ದೊಡ್ಡ ತ್ರಿಕೋನ ಹಾಕಬೇಕು. ತ್ರಿಕೋನ ಸಣ್ಣದಾದರೆ ಅರ್ಧ ಮಿಲಿಮೀಟರಿನ ತಪ್ಪೂ ಉತ್ತರವನ್ನು ಕೆಡಿಸುತ್ತದೆ.

ಗೆರೆಯಲ್ಲಿ ಲೆಕ್ಕ ತೋರಿಸುವ ಈ ಪದ್ಧತಿಗೆ ಬಹಳ ವಯಸ್ಸಾಗಿಲ್ಲ. ವಿಲಿಯಂ ಪ್ಲೇಫೇರ್ ಎಂಬವರು ಇಂಗ್ಲೆಂಡಿನ ಆಮದು ರಫ್ತುಗಳನ್ನು ವರ್ಷವಾರು ಗೆರೆಯಾಗಿ ಎಳೆದು ಪುಸ್ತಕ ಮಾಡಿದ್ದು 1786ರಲ್ಲಿ. ಅದಕ್ಕೆ ಮುಂಚೆ ಅವರು ಉಗಿಯಂತ್ರದ ಜೇಮ್ಸ್ ವಾಟ್ ಹತ್ತಿರ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅಳತೆ ಹಿಡಿದು ಗೆರೆ ಎಳೆಯುವ ಶಿಸ್ತು ಅವರ ಕೈಗೆ ಅಲ್ಲಿಯೇ ಬಂದಿರಬೇಕು ಎಂದು ನನಗೆ ಅನಿಸುತ್ತದೆ.

ನಮ್ಮ ಮಕ್ಕಳಿಗೆ ಆಮದು ರಫ್ತು ದೂರದ ಮಾತು. ನೀರು ಹತ್ತಿರದ್ದು. ಹಾಗಾಗಿ ಡಿಸೆಂಬರಿನಿಂದ ಮೇ ತನಕ ಮನೆಯ ಬಾವಿಯ ನೀರು ಎಷ್ಟು ಕೆಳಗಿದೆ ಎಂದು ಪ್ರತಿ ಭಾನುವಾರ ಅಳೆಯಲು ಹೇಳುತ್ತೇನೆ. ಹಗ್ಗಕ್ಕೆ ಒಂದು ಭಾರ ಕಟ್ಟಿ ಇಳಿಸುವುದು, ಕಟ್ಟೆಯ ಅಂಚಿನಿಂದ ನೀರು ತಾಗುವವರೆಗಿನ ಹಗ್ಗವನ್ನು ಟೇಪಿನಲ್ಲಿ ಅಳೆಯುವುದು. ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು, ಅದು ನನ್ನ ಶರತ್ತು. ಬಾವಿ ಇಲ್ಲದೆ ಸುರಂಗದ ನೀರು ಬಳಸುವ ಮನೆಯವರು ನೀರು ಹರಿದು ಬರುವ ದಂಬೆಯಿಂದ ಬೀಳುವ ನೀರಿಗೆ ಕೊಡಪಾನ ಹಿಡಿದು, ಅದು ತುಂಬಲು ಎಷ್ಟು ಹೊತ್ತು ಬೇಕು ಎಂದು ನೋಡುತ್ತಾರೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗೆ ಅಡ್ಡ ಕೊರೆದು ನೀರು ತರುವ ಸುರಂಗ ಕಾಸರಗೋಡಿನ ನಮಗೆ ಹೊಸತಲ್ಲ. ಅದರ ನೀರು ತಿಂಗಳಿಂದ ತಿಂಗಳಿಗೆ ಹೇಗೆ ಸಣ್ಣದಾಗುತ್ತದೆ ಎಂದು ಅಜ್ಜಂದಿರಿಗೆ ಬಾಯಿಯಲ್ಲಿ ಗೊತ್ತು. ಮಕ್ಕಳು ಅದನ್ನು ಶೀಟಿನ ಮೇಲೆ ತರುತ್ತಾರೆ.

ಬಾವಿಯ ಗ್ರಾಫಿನಲ್ಲಿ ಕ್ಲಾಸು ಎರಡಾಯಿತು. ಕಟ್ಟೆಯಿಂದ ನೀರಿನ ಆಳ ಡಿಸೆಂಬರಿನಲ್ಲಿ 6 ಮೀಟರ್, ಏಪ್ರಿಲಿನಲ್ಲಿ 12. ಮಾಮೂಲಿಯಾಗಿ ಎಳೆದರೆ ಗೆರೆ ಮೇಲೆ ಹೋಗುತ್ತದೆ. "ನೀರು ಕೆಳಗೆ ಹೋಗಿದೆ, ಗೆರೆ ಯಾಕೆ ಮೇಲೆ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಅಂತರ್ಜಲ ಅಳೆಯುವವರು ಮಾಡುವುದು ಹೀಗೆ: 0ಯನ್ನು ಮೇಲಿಟ್ಟು, ಆಳವನ್ನು ಕೆಳಮುಖವಾಗಿ ಬರೆಯುತ್ತಾರೆ. ಆಗ ಶೀಟಿನ ತಲೆಯೇ ನೆಲ, ಗೆರೆ ಇಳಿದರೆ ನೀರು ಇಳಿದ ಹಾಗೆ. ನಾವೂ ಹಾಗೇ ಮಾಡಿದೆವು. ಅಕ್ಷವನ್ನು ತಿರುಗಿಸಿದ್ದೇವೆ ಎಂದು ಪಕ್ಕದಲ್ಲಿ ದೊಡ್ಡದಾಗಿ ಬರೆದೆವು.

ಗದ್ದೆ ಬದಿಯ ಒಂದು ಮನೆ, ಗುಡ್ಡೆಯ ಮೇಲಿನ ಒಂದು ಮನೆ, ಎರಡನ್ನೂ ಒಂದೇ ಶೀಟಿಗೆ ತಂದಾಗ ಒಂದಕ್ಕೆ ಗುಣಾಕಾರದ ಗುರುತು, ಇನ್ನೊಂದಕ್ಕೆ ಸಣ್ಣ ವೃತ್ತ. ಗೆರೆಯ ತುದಿಯಲ್ಲೇ "ಗದ್ದೆ", "ಗುಡ್ಡೆ" ಎಂದು ಬರೆದದ್ದು. ಗುಡ್ಡೆಯ ಗೆರೆ ಜನವರಿಯಿಂದಲೇ ಜೋರಾಗಿ ಇಳಿಯಿತು. ಮುರಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ, ಬೇಗ ಬಸಿದು ತಗ್ಗಿಗೆ ಹೋಗುತ್ತದೆ. ಗದ್ದೆ ಬದಿಯ ಬಾವಿಗೆ ಆ ನೀರಿನ ಪಾಲು ಸಿಗುತ್ತಿರುತ್ತದೆ. ಇದನ್ನು ನಾನು ಹೇಳಲಿಲ್ಲ, ಎರಡು ಗೆರೆಯ ನಡುವಿನ ಜಾಗ ಅಗಲವಾಗುತ್ತಾ ಹೋದದ್ದನ್ನು ನೋಡಿ ಮಕ್ಕಳೇ ಮಾತಾಡಿಕೊಂಡರು.

ಗುಡ್ಡೆ ಮನೆಯ ಹುಡುಗ ಒಂದು ಭಾನುವಾರ ಅಜ್ಜಿ ಮನೆಯ ನೇಮಕ್ಕೆ (ಭೂತಾರಾಧನೆಗೆ) ಹೋಗಿದ್ದ, ಅಳೆದಿರಲಿಲ್ಲ. ಹಿಂದಿನ ವಾರ ಮುಂದಿನ ವಾರ ನೋಡಿ ನಡುವಿನದ್ದನ್ನು ಹಾಕಲಾ ಎಂದು ಕೇಳಿದ. ಕೇಳಿದ್ದಕ್ಕೆ ನನಗೆ ಖುಷಿಯಾಯಿತು. ಅಲ್ಲಿ ಚುಕ್ಕೆ ಬೇಡ, ಆ ವಾರದ ಜಾಗ ಖಾಲಿ ಇರಲಿ, ಗೆರೆ ಆ ಭಾಗದಲ್ಲಿ ತುಂಡುತುಂಡಾಗಿ ಹೋಗಲಿ ಎಂದೆ. ಏಪ್ರಿಲ್ ಮೊದಲಿಗೆ ಅವನು ಗೆರೆಯನ್ನು ಅದೇ ಇಳಿಜಾರಿನಲ್ಲಿ ಮುಂದುವರಿಸಿ, ಅದನ್ನೂ ತುಂಡುಗೆರೆಯಲ್ಲೇ, ಮೇ ಎರಡನೇ ವಾರಕ್ಕೆ ಬಾವಿಯ ತಳ ಕಾಣುತ್ತದೆ ಎಂದು ಓದಿದ. ಮನೆಯಲ್ಲಿ ತೋರಿಸಿದ. ಅಡಿಕೆ ತೋಟಕ್ಕೆ ನೀರು ಬಿಡುವ ದಿನಗಳನ್ನು ಅವನ ಅಪ್ಪ ಕಡಿಮೆ ಮಾಡಿದರಂತೆ. ಆಮೇಲೆ ಬೇಸಗೆ ಮಳೆಯೂ ಎರಡು ಸಲ ಬಂತು. ಗೆರೆ ತುಂಡುಗೆರೆಯನ್ನು ಬಿಟ್ಟು ಮೇಲೆ ತಿರುಗಿತು. ತನ್ನ ಲೆಕ್ಕ ತಪ್ಪಾಯಿತು ಎಂದು ಅವನು ಬೇಸರಪಟ್ಟ. ಲೆಕ್ಕ ತಪ್ಪಿರಲಿಲ್ಲ. ಮಳೆ ಬಾರದೆ, ಅಷ್ಟೇ ನೀರು ಎತ್ತುತ್ತಾ ಇದ್ದರೆ ಏನಾಗುತ್ತಿತ್ತು ಎಂದು ಆ ತುಂಡುಗೆರೆ ಹೇಳಿತ್ತು. ಎರಡೂ ಬದಲಾದವು. ಆ ಶೀಟನ್ನು ನಾನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ.

ಪಕ್ಕದ ಮನೆಯ ಕೃಷಿಕರೊಬ್ಬರು ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಗ್ಗೆ ಡೈರಿಯಲ್ಲಿ ಬರೆಯುತ್ತಾರೆ. ಆ ಅಂಕಿಗಳನ್ನು ತಂದ ಮಕ್ಕಳು ತಿಂಗಳ ಮಳೆಯನ್ನೂ ಗೆರೆಯಲ್ಲಿ ಎಳೆಯಹೊರಟರು. ಅಲ್ಲಿ ತಡೆದೆ. ಬಾವಿಯ ನೀರು ಪ್ರತಿ ಕ್ಷಣವೂ ಒಂದು ಮಟ್ಟದಲ್ಲಿ ಇರುತ್ತದೆ, ನಾವು ನೋಡದಿದ್ದಾಗಲೂ ಇರುತ್ತದೆ. ಅದಕ್ಕೆ ಗೆರೆ ಸರಿ. ಆದರೆ ಜೂನ್ ತಿಂಗಳ ಒಟ್ಟು ಮಳೆ, ಜುಲೈ ತಿಂಗಳ ಒಟ್ಟು ಮಳೆ ಎಂಬ ಎರಡು ಮೊತ್ತಗಳ ನಡುವೆ ಏನೂ ಇಲ್ಲ. ಅಲ್ಲಿ ಗೆರೆ ಎಳೆದರೆ ಆ ಗೆರೆಯ ನಡುವಿನ ಒಂದು ಜಾಗ ಯಾವುದರ ಅಳತೆ ಎಂದು ಯಾರೂ ಹೇಳಲಾರರು. ಅದಕ್ಕೆ ಕಂಬಗಳೇ ಬೇಕು. ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದನ್ನು ಕಂಬದಲ್ಲಿ ನೋಡಿ, ಕೆಳಗೆ ಅದೇ ತಿಂಗಳುಗಳ ಬಾವಿ ಗೆರೆ ಇಟ್ಟರೆ, ಇಷ್ಟು ಮಳೆಯ ಊರಿನಲ್ಲಿ ಮಾರ್ಚಿಗೆ ಯಾಕೆ ಟ್ಯಾಂಕರ್ ಬರುತ್ತದೆ ಎಂಬ ಚರ್ಚೆ ಶುರುವಾಗುತ್ತದೆ. ಆ ಪೀರಿಯಡ್ ಮುಗಿದ ಬೆಲ್ಲು ಯಾರಿಗೂ ಕೇಳಿಸುವುದಿಲ್ಲ.

ಕಂಪ್ಯೂಟರಿನಲ್ಲಿ ಹಾಕಿದರೆ ಸುಲಭ ಅಲ್ವಾ ಎಂದು ಮಕ್ಕಳ ಮನೆಯವರು ಕೇಳುವುದುಂಟು. ಹಾಕಬಹುದು. ಕೇರಳದ ಶಾಲೆಗಳಲ್ಲಿ ಐಟಿ ಪೀರಿಯಡಿಗೆ ಲಿಬ್ರೆ ಆಫೀಸ್ ಇದೆ, ಅದರ ಕ್ಯಾಲ್ಕಿನಲ್ಲಿ ಮಕ್ಕಳು ಚಾರ್ಟ್ ಮಾಡುತ್ತಾರೆ. ಆದರೆ ಅಲ್ಲಿ "ಲೈನ್" ಎಂಬ ಚಾರ್ಟ್ ಆರಿಸಿ ಮೊದಲ ಕಾಲಮ್ಮನ್ನು ಲೇಬಲ್ ಎಂದು ಕೊಟ್ಟರೆ, 10 ಮತ್ತು 15ರ ನಡುವಿನ ಅಂತರ 8 ಮತ್ತು 10ರ ನಡುವಿನಷ್ಟೇ ಆಗುತ್ತದೆ. ಕೈಯಲ್ಲಿ ಆ ಗುಂಪು ಮಾಡಿದ ತಪ್ಪನ್ನೇ ಕಂಪ್ಯೂಟರ್ ಬಹಳ ನೀಟಾಗಿ ಮಾಡಿಕೊಡುತ್ತದೆ. ವಿಜ್ಞಾನದ ಅಳತೆಗೆ ಆರಿಸಬೇಕಾದದ್ದು "ಎಕ್ಸ್‌ವೈ ಸ್ಕ್ಯಾಟರ್". ಮೊದಲು ಬರೀ ಚುಕ್ಕೆಗಳು, ಗೆರೆ ಇಲ್ಲದೆ. ಚುಕ್ಕೆಗಳನ್ನು ನೋಡಿ ನೇರ ಗೆರೆ ಎನಿಸಿದರೆ ಟ್ರೆಂಡ್ ಲೈನ್ ಸೇರಿಸುವುದು. "ಸ್ಮೂತ್ ಲೈನ್" ಒತ್ತಿದರೆ ಅದು ಎಲ್ಲಾ ಚುಕ್ಕೆಯನ್ನೂ ಮುಟ್ಟಲೇಬೇಕೆಂದು ನಡುವೆ ಉಬ್ಬಿ ತಗ್ಗಿ ಹೋಗುತ್ತದೆ, ಥರ್ಮಾಮೀಟರ್ ಹೊರಗಿದ್ದಾಗಿನ ಚುಕ್ಕೆಯನ್ನೂ ಬಿಡುವುದಿಲ್ಲ. ಹಾಗಾಗಿ ಎಂಟನೇ, ಒಂಬತ್ತನೇ ಕ್ಲಾಸಿನವರಿಗೆ ನಾನು ಶೀಟನ್ನೇ ಕೊಡುತ್ತೇನೆ. ಹತ್ತನೇ ಕ್ಲಾಸಿನವರು ಅದೇ ಅಂಕಿಗಳನ್ನು ಕ್ಯಾಲ್ಕಿಗೆ ಹಾಕಿ, ಪ್ರಿಂಟನ್ನು ತಮ್ಮ ಹಳೆಯ ಶೀಟಿನ ಪಕ್ಕದಲ್ಲಿಟ್ಟು, ಎಲ್ಲಿ ಎರಡೂ ಬೇರೆ ಕಾಣುತ್ತದೆ, ಯಾಕೆ ಎಂದು ಬರೆಯಬೇಕು. ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಮೊದಲ ಪ್ರಯೋಗ ಅದೇ. ಬಾವಿಯ ಅಂಕಿಗಳು ಆಗಲೇ ನೋಟ್ ಪುಸ್ತಕದಲ್ಲಿ ಇವೆ.